ಎಲಚಿ ಹಣ್ಣಿಗೆ ಗಾಜಿನ ಅಂಗಿ

ನಮ್ಮ ಚಿಕ್ಕಮಾವನವರು ಚೀನಾ ದೇಶಕ್ಕೆ ಹೋಗಿಬಂದಿದ್ದಾರೆ ಎಂದು ಹೊಳೆನರಸೀಪುರದಲ್ಲಿ ನಂಬಿದ್ದವರು ಒಬ್ಬರೇ ಒಬ್ಬರು. ಅವರು ನಮ್ಮ ಚಿಕ್ಕಮಾವನವರು!

ಕುಚೋದ್ಯಕ್ಕೆ ಹೇಳುತ್ತಿಲ್ಲ. ಅವರು ಮೊದಲ ಸಲ ಚೀನಾದ ತಿಂಡಿ ಮಾಡಲು ಒಲೆ ಹೊತ್ತಿಸಿದ ದಿನ ಅಡುಗೆಮನೆಯಲ್ಲಿ ಹಾಜರಿದ್ದವರನ್ನು ಕೇಳಿ: ಬಾಣಲೆಯ ಮುಂದೆ ಚಿಕ್ಕಮಾವ, ಅವರ ಬೆನ್ನಿಗೆ ಸೌಟು ಹಿಡಿದ ಚಿಕ್ಕತ್ತೆ, ಬಾಗಿಲಲ್ಲಿ ಎದುರುಮನೆಯ ಚಂದ್ರಣ್ಣ, ಅರಕಲಗೂಡಿನಿಂದ ಆ ವರ್ಷವಷ್ಟೇ ಸೊಸೆಯಾಗಿ ಬಂದಿದ್ದ ನಾನು, ಮತ್ತು ಬಾಗಿಲಾಚೆ ಒಂದು ಕಂಬ. ಕಂಬವನ್ನೇಕೆ ಸೇರಿಸಿದೆ ಅನ್ನುತ್ತೀರಾ? ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತು ಕೇಳಿಸಿಕೊಂಡದ್ದೇ ಅದು!

ಕಥೆ ಹೀಗೆ. ದೊಡ್ಡ ಯುದ್ಧದ ಕಾಲದಲ್ಲಿ ಚಿಕ್ಕಮಾವ ಮಿಲಿಟರಿ ಲಾರಿ ಓಡಿಸುತ್ತಿದ್ದರು. ಯುದ್ಧ ಮುಗಿದು, ಸುತ್ತಲಿನ ಊರುಗಳಿಂದ ಹೋದವರೆಲ್ಲ ಟ್ರಂಕು ಹೊತ್ತು ಮನೆ ಸೇರಿದರು. ಇವರು ಮಾತ್ರ ಇಲ್ಲ. ಒಂದು ಕಾಗದವೂ ಇಲ್ಲ. ವರ್ಷದ ಮೇಲೆ, ಒಣಗಿದ ಹುರುಳಿ ಗಿಡದ ಹಾಗೆ ಬಂದು ಬಾಗಿಲಲ್ಲಿ ನಿಂತರು. ಎಲ್ಲಿದ್ರಿ ಅಂದರೆ, ಬರ್ಮಾ ಬೆಟ್ಟ ದಾಟಿ ಚೀನಾಕ್ಕೆ ಲಾರಿ ಹೊಡೆದೆ, ಅಲ್ಲಿ ಜ್ವರ ಬಂತು, ಯಾರೋ ಒಬ್ಬಳು ಮುದುಕಿ ಮನೆಯೊಳಗೆ ಮಲಗಿಸಿಕೊಂಡಳು, ಬಾಯಿಗೆ ಏನೂ ಸೇರದಿದ್ದಾಗ ಸಕ್ಕರೆಯಲ್ಲಿ ಅದ್ದಿದ ಹಣ್ಣನ್ನು ಕಡ್ಡಿಗೆ ಚುಚ್ಚಿ ಕೊಟ್ಟು ಬದುಕಿಸಿದಳು ಅಂದರು.

ಬೀದಿಯವರು ಲಾರಿಯನ್ನು ಒಪ್ಪಿದರು. ಜ್ವರವನ್ನೂ ಒಪ್ಪಿದರು. ಆ ಮುದುಕಿಯನ್ನು ಮಾತ್ರ ಒಪ್ಪಲಿಲ್ಲ. ಅವರ ಬಾಯಲ್ಲಿ ಅವಳಿಗೆ ವರ್ಷವರ್ಷಕ್ಕೂ ವಯಸ್ಸು ಇಳಿಯತೊಡಗಿತು. ನಾನು ಮದುವೆಯಾಗಿ ಬರುವ ಹೊತ್ತಿಗೆ ಇಪ್ಪತ್ತೈದರ ಆಸುಪಾಸಿಗೆ ಬಂದಿದ್ದಳು. ಇನ್ನಷ್ಟು ದಿನ ಬಿಟ್ಟಿದ್ದರೆ ತೊಟ್ಟಿಲಿಗೇ ಹಾಕುತ್ತಿದ್ದರೋ ಏನೋ!

ಚಿಕ್ಕತ್ತೆ ಅಳಲಿಲ್ಲ, ಕೂಗಾಡಲಿಲ್ಲ. ಗಂಡನ ಜೊತೆ ನೇರವಾಗಿ ಮಾತಾಡುವುದನ್ನು ನಿಲ್ಲಿಸಿದರು, ಅಷ್ಟೆ. ಹೇಳಬೇಕಾದ್ದನ್ನೆಲ್ಲ ನಡುಮನೆ ಕಂಬಕ್ಕೆ ಹೇಳುತ್ತಿದ್ದರು. "ಕಂಬಪ್ಪಾ, ಮುದ್ದೆ ಆರೋಯ್ತದೆ, ಉಣ್ಣೋರು ಬಂದು ಉಣ್ಣಲಿ." ನಾನು ಬಂದ ಮೇಲೆ ಕಂಬಕ್ಕೆ ಕೊಂಚ ಬಿಡುವು ಸಿಕ್ಕಿತು. ಒಂದು ದಿನ ಧೈರ್ಯ ಮಾಡಿ, "ಇದೆಲ್ಲ ಎಲ್ಲೀವರ್ಗೆ ಅತ್ತೆ?" ಎಂದು ಕೇಳಿದೆ.

"ಆ ತಿಂಡಿ ಅಂಬೋದು ಒಂದದಲ್ಲ, ಅದನ್ನ ಮಾಡಿ ನನ್ ಕಣ್ಣಿಗೆ ತೋರಿಸ್ಲಿ ಕಣವ್ವ. ಇದ್ರೆ ತಾನೆ ತೋರ್ಸಾದು!"

ಚಿಕ್ಕಮಾವ ಒಳಗಿನಿಂದ ಕೇಳಿಸಿಕೊಂಡರು. ಒಲೆ ಹೊತ್ತಿದ್ದು ಅದರ ಮಾರನೆಯ ದಿನವೇ!

ಸಂಕ್ರಾಂತಿಯ ಸಮಯ. ಚೀನಾದ ಹಣ್ಣು ಇಲ್ಲಿ ಎಲ್ಲಿ ಸಿಗಬೇಕು? ಹುಳಿ, ದುಂಡಗೆ, ಕೆಂಪಗೆ ಇರುತ್ತಿತ್ತಂತೆ. ಹೊಳೆಯಾಚೆ ಬೇಲಿಯಲ್ಲಿ ಎಲಚಿ ಹಣ್ಣು ಬೇಕಾದಷ್ಟಿತ್ತು. ಬಿದಿರು ಸೀಳಿ ಕಡ್ಡಿ ಮಾಡಿ, ಹಣ್ಣು ಪೋಣಿಸಿ, ಸಕ್ಕರೆ ಪಾಕ ಇಟ್ಟರು. ಈಗ ಒಂದು ವಿಷಯ ನಿಮಗೆ ಗೊತ್ತಿರಬೇಕು. ಸಕ್ಕರೆ ಅಚ್ಚು ಹುಯ್ಯುವುದರಲ್ಲಿ ನಮ್ಮ ಚಿಕ್ಕತ್ತೆಯನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಸಂಕ್ರಾಂತಿ ಬಂತೆಂದರೆ ಹೆಂಗಸರು ಪಾಕದ ಹದ ಕೇಳಿಕೊಂಡು ಇವರ ಬಾಗಿಲಿಗೆ ಬರಬೇಕು. ಅವರ ಶಾಸ್ತ್ರ ಒಂದೇ: ಸಕ್ಕರೆ ಒಲೆಗೇರಿದ ಮೇಲೆ ಸೌಟು ನಿಲ್ಲಬಾರದು. ಹಾಗೆ ತಿರುವಿದರೇ ಅಚ್ಚು ಬೆಳ್ಳಗೆ ಹಾಲಿನ ಹಾಗೆ ಬರುವುದು.

ಹಾಗಾಗಿ ಚಿಕ್ಕಮಾವ ಕಡ್ಡಿ ತರಲು ಆಚೆ ತಿರುಗಿದರೆ ಸಾಕು, ಚಿಕ್ಕತ್ತೆಯ ಕೈ ಬಾಣಲೆಗೆ ಹೋಗುತ್ತಿತ್ತು! ಕೆಡಿಸಬೇಕೆಂದಲ್ಲ, ದೇವರಾಣೆ. ಕೈ ತಾನೇ ಹೋಗುತ್ತಿತ್ತು. ಪಾಕ ಕುದಿಯುತ್ತಿದ್ದರೆ ಸುಮ್ಮನೆ ನಿಲ್ಲುವುದು ಅವರಿಂದ ಆಗದ ಮಾತು.

ಹಣ್ಣು ಅದ್ದಿ ತೆಗೆದರು. ಕನ್ನಡಿಯ ಹಾಗೆ ಹೊಳೆಯಬೇಕಿದ್ದದ್ದು ಸುಣ್ಣ ಬಳಿದ ಹಾಗಿತ್ತು. ಚಿಕ್ಕತ್ತೆ ಕಂಬದ ಕಡೆ ತಿರುಗಿದರು. "ಕಂಬಪ್ಪಾ, ಚೀನಾದಲ್ಲೂ ಸಂಕ್ರಾಂತಿ ಮಾಡ್ತಾರೆ ಕಣೋ! ನೋಡು, ಸಕ್ಕರೆ ಅಚ್ಚು!"

ಚಿಕ್ಕಮಾವ ಸೋಲೊಪ್ಪುವ ಜನವೇ? ದೋಷ ಸಕ್ಕರೆಯದು ಅಂದರು. ಮಾರನೆಯ ವರ್ಷ ಬೆಲ್ಲ ಬಂತು. ಅದು ಹೊಳೆಯಿತೇನೋ ನಿಜ, ಆದರೆ ಗಟ್ಟಿಯಾಗದೆ ಅಂಟಿನಂತೆ ಉಳಿಯಿತು. "ತತ್ತಾ, ನಿನ್ನ ಸುಳ್ಳಿನ ರುಚಿ ನೋಡಾನ" ಎಂದು ಚಂದ್ರಣ್ಣ ಒಂದು ಕಡ್ಡಿಯನ್ನು ಪೂರಾ ಬಾಯಿಗೆ ಹಾಕಿಕೊಂಡ. ಆ ಮುದುಕಿಯ ವಯಸ್ಸು ಇಳಿಸುವುದರಲ್ಲಿ ಅವನದೇ ದೊಡ್ಡ ಪಾಲು. ಹಾಕಿಕೊಂಡವನ ಮೇಲುದವಡೆ ಕೆಳದವಡೆ ಹಿಡಿದುಕೊಂಡುಬಿಟ್ಟವು! ಬಿಸಿನೀರು ಕುಡಿಸೋಣವೆಂದರೆ ಬಾಯಿ ತೆರೆಯಬೇಡವೇ? ಊಂ ಊಂ ಎನ್ನುತ್ತಾ ಜಗಲಿಯ ಮೇಲೆ ಕೂತ. ಅಷ್ಟು ಹೊತ್ತು ಬೀದಿ ಎಷ್ಟು ತಣ್ಣಗಿತ್ತು ಅಂತೀರಿ! ಚಿಕ್ಕತ್ತೆಯೇ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಕಂಬಪ್ಪಾ, ಇಷ್ಟಾದ್ರೂ ಪ್ರಯೋಜನ ಆಯ್ತಲ್ಲ."

ಆಮೇಲಿನ ವರ್ಷ ಚಿಕ್ಕಮಾವನಿಗೆ ಹೊಸದೊಂದು ನೆನಪಾಯಿತು. ಚೀನಾದಲ್ಲಿ ಈ ಕಡ್ಡಿಗಳನ್ನು ಹುಲ್ಲಿನ ಕಟ್ಟಿಗೆ ಸಿಕ್ಕಿಸಿ ಇಡುತ್ತಿದ್ದರಂತೆ. ಅದೇ ಗುಟ್ಟು, ಅಲ್ಲಿಟ್ಟರೇ ಹೊಳಪು ಬರುವುದು ಅಂದರು. ರಾಗಿ ಹುಲ್ಲು ಬಿಗಿದು, ಮತ್ತೆ ಸಕ್ಕರೆಯಲ್ಲೇ ಅದ್ದಿದ ಕಡ್ಡಿ ಸಿಕ್ಕಿಸಿ, ಹಿತ್ತಿಲಲ್ಲಿ ನೆಟ್ಟು, ಹೊಳಪು ಬರಲೆಂದು ಒಳಗೆ ಹೋಗಿ ಕಾದರು. ಬಂದು ನೋಡಿದರೆ ಹಣ್ಣುಗಳು ಫಳಫಳ ಅನ್ನುತ್ತಿದ್ದವು! "ಬಂತು ಕಣ್ರಲಾ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಹತ್ತಿರ ಹೋದರೆ, ಸಕ್ಕರೆಯನ್ನೆಲ್ಲ ನೆಕ್ಕಿ ಮುಗಿಸಿದ್ದ ನಮ್ಮ ಕೆಂದ ಹಸು ಹುಲ್ಲಿನ ಕಟ್ಟಿಗೆ ಬಾಯಿ ಹಾಕುತ್ತಿತ್ತು.

ಮತ್ತೊಂದು ಸಂಕ್ರಾಂತಿಗೆ ಚಿಕ್ಕತ್ತೆ ತಂಗಿಯ ಮನೆಗೆಂದು ಚನ್ನರಾಯಪಟ್ಟಣಕ್ಕೆ ಹೋಗಿದ್ದರು. ಮನೆಯಲ್ಲಿ ನಾನು, ಚಿಕ್ಕಮಾವ ಇಬ್ಬರೇ. ಅವರು ಸಕ್ಕರೆ, ನೀರು ಒಲೆಗಿಟ್ಟು, ರೈಲ್ವೆ ಗೇಟಿನಲ್ಲಿ ಲಾರಿ ನಿಲ್ಲಿಸಿಕೊಂಡವರ ಹಾಗೆ ಮೊಣಕಾಲ ಮೇಲೆ ಕೈಯಿಟ್ಟು ಕೂತರು. ನಾನು ಎಳ್ಳು ಹುರಿಯುತ್ತಿದ್ದೆ. ಬಾಣಲೆಯನ್ನು ಯಾರೂ ಮುಟ್ಟಲಿಲ್ಲ. ಅದರ ಪಾಡಿಗೆ ಅದು ಕುದಿಯಿತು. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟರೆ ಟಿಣ್ ಅಂದಿತು!

ಅದ್ದಿ ತೆಗೆದ ಹಣ್ಣನ್ನು ನೋಡಿ ನನ್ನ ಕೈಯ ಸಟ್ಟುಗ ಕೆಳಗೆ ಬಿತ್ತು. ಎಲಚಿ ಹಣ್ಣಿಗೆ ಗಾಜಿನ ಅಂಗಿ ತೊಡಿಸಿದ ಹಾಗಿತ್ತು. ಚಿಕ್ಕಮಾವ ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದೇ ಕಣವ್ವ, ಇದೇ" ಎಂದು ಮೆಲ್ಲಗೆ ಅಂದರು.

ಅದೇ ಹೊತ್ತಿಗೆ ಬೀದಿಯಲ್ಲಿ ಸೈಕಲ್ ಗಂಟೆ ಕೇಳಿಸಬೇಕೇ! ಕ್ಯಾರಿಯರಿನ ಮೇಲೆ ರೇಷ್ಮೆ ಬಟ್ಟೆಯ ಗಂಟು ಕಟ್ಟಿಕೊಂಡು ಊರೂರು ತಿರುಗುತ್ತಿದ್ದ ಚೀನಾದವನೊಬ್ಬ ಆಗ ನಮ್ಮ ಕಡೆ ಆಗಾಗ ಬರುತ್ತಿದ್ದ. ವ್ಯಾಪಾರಕ್ಕೆ ಬೇಕಾದಷ್ಟು ಕನ್ನಡ ಕಲಿತಿದ್ದ. ಚಿಕ್ಕಮಾವ ಓಡಿಹೋಗಿ ಅವನನ್ನು ಸೈಕಲ್ ಸಮೇತ ನಿಲ್ಲಿಸಿ, ಕೈಗೆ ಒಂದು ಕಡ್ಡಿ ಕೊಟ್ಟರು.

ಅವನು ಕಡ್ಡಿ ನೋಡಿದ, ಚಿಕ್ಕಮಾವನ ಮುಖ ನೋಡಿದ. ಸೈಕಲ್ಲನ್ನು ಗೋಡೆಗೆ ಒರಗಿಸಿ ಜಗಲಿಯ ಮೇಲೆ ಕೂತ. ಕಟುಂ ಎಂದು ಕಚ್ಚಿದ. ಕಣ್ಣಲ್ಲಿ ನೀರು, ಬಾಯಲ್ಲಿ ನಗು!

ಚಿಕ್ಕತ್ತೆ ಬಸ್ಸಿಳಿದು ಗಂಟು ಹೊತ್ತು ಬಂದದ್ದು ಈ ನೋಟಕ್ಕೆ. ನಿಂತಲ್ಲೇ ವಿಚಾರಣೆ ಶುರುವಾಯಿತು.

"ಏನಣ್ಣಾ, ಇದು ನಿಮ್ಮೂರಿನ ತಿಂಡಿಯಾ?"

"ಹೂಂ ಅಮ್ಮಾ. ನಮ್ದು ಊರು. ಚಳಿ ಕಾಲ."

"ನಿಜ ಏಳು. ಮನೇಲಿ ಇದನ್ನ ಮಾಡೋರ್ಯಾರು? ಉಡುಗೀರೋ, ಮುದುಕೀರೋ?"

ಅವನಿಗೆ ಈ ಪ್ರಶ್ನೆಯ ಭಾರ ಏನು ಗೊತ್ತು? ಇನ್ನೊಂದು ಹಣ್ಣು ಕಚ್ಚುತ್ತಾ, "ಅಜ್ಜಿ" ಅಂದ. "ನಂದು ಅಜ್ಜಿ ಮಾಡೋದು. ಹುಡುಗಿಗೆ ಬರಲ್ಲ. ಕೈ ಸುಡ್ತದೆ."

ಚಿಕ್ಕತ್ತೆ ಒಳಗೆ ಬಂದು, ಗಂಟು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಕಂಬಕ್ಕೆ ಹೇಳಿದರು: "ಅಜ್ಜಿಯಂತೆ ಕಣಪ್ಪ."

ನಂಬಿದರು. ಆದರೆ ಕಂಬವನ್ನು ಬಿಡಲಿಲ್ಲ! ಅಷ್ಟು ವರ್ಷದ ರೂಢಿ, ಮೇಲೆ ಸ್ವಲ್ಪ ಬಿಗುಮಾನ. ಯಾರೂ ಕೈಯಾಡಿಸದ್ದಕ್ಕೇ ಸರಿಯಾಯಿತೆಂದು ನಾನು ಹೇಳಿದರೆ ಅದನ್ನಂತೂ ಒಪ್ಪಲೇ ಇಲ್ಲ. "ಪಾಕಾನ ಸುಮ್ಕೆ ಬಿಡಾದಾ? ಅದೇನು ನಿದ್ದೆ ಮಾಡೋ ಕೂಸಾ?" ಅಂದಿನಿಂದ ಪ್ರತಿ ಸಂಕ್ರಾಂತಿಗೂ ಚಿಕ್ಕಮಾವ ಅವರನ್ನು ಅಡುಗೆಮನೆಯಿಂದ ಆಚೆ ಕಳಿಸಿ ಪಾಕ ಇಡುತ್ತಿದ್ದರು. ಸೈಕಲ್ಲಿನವನೂ ತಪ್ಪದೆ ಬಂದು ಜಗಲಿಯ ಮೇಲೆ ಕೂತು ತಿನ್ನುತ್ತಿದ್ದ.

ಅರವತ್ತೆರಡರಲ್ಲಿ ಚೀನಾದ ಜೊತೆ ಯುದ್ಧವಾಯಿತು. ಚಂದ್ರಣ್ಣ ಎದುರು ಜಗಲಿಯಿಂದಲೇ, "ಏನಣ್ಣಾ, ನಿಮ್ ನೆಂಟ್ರು ಇಂಗ್ ಮಾಡ್ಬುಟ್ರಲ್ಲ!" ಎಂದು ಕೂಗಿದ. ಚಿಕ್ಕಮಾವ ಎದ್ದು ಒಳಗೆ ಹೋದರು. ಸಂಕ್ರಾಂತಿ ಬಂತು. ಸೈಕಲ್ಲಿನವನು ಬರಲಿಲ್ಲ. ಇಲ್ಲಿದ್ದ ಚೀನಾದವರನ್ನೆಲ್ಲ ಪೊಲೀಸರು ಹಿಡಿದು ರೈಲು ಹತ್ತಿಸಿ ದೂರ ಎಲ್ಲಿಗೋ ಕರೆದುಕೊಂಡು ಹೋದರಂತೆ ಎಂದು ಹಾಸನದಲ್ಲಿ ಕೆಲಸದಲ್ಲಿದ್ದ ನಮ್ಮ ಯಜಮಾನರು ಕೇಳಿಕೊಂಡು ಬಂದರು. ಚಿಕ್ಕಮಾವ ಆ ವರ್ಷ ಬಿದಿರು ಸೀಳಲಿಲ್ಲ. ಗೋಡೆಗೊರಗಿ ಕೂತೇ ಇದ್ದರು.

ಹಬ್ಬದ ದಿನ ಅಡುಗೆಮನೆಯಲ್ಲಿ ಸಕ್ಕರೆ ಕುದಿಯುವ ವಾಸನೆ ಬಂತು. ಹೋಗಿ ನೋಡಿದೆ. ಎಲಚಿ ಹಣ್ಣು ಪೋಣಿಸಿದ ಕಡ್ಡಿಗಳು ತಟ್ಟೆಯಲ್ಲಿದ್ದವು. ಸೌಟು ಮೊಳೆಗೆ ತೂಗುತ್ತಿತ್ತು. ಚಿಕ್ಕತ್ತೆ ಬಾಣಲೆಯ ಮುಂದೆ, ಎರಡೂ ಕೈಗೆ ಸೆರಗು ಬಿಗಿಯಾಗಿ ಸುತ್ತಿಕೊಂಡು, ತುಟಿ ಕಚ್ಚಿಕೊಂಡು ಕೂತಿದ್ದರು. ಪಾಕ ಅದರ ಪಾಡಿಗೆ ಅದು ಕುದಿಯುತ್ತಿತ್ತು.

"ಏನ್ರೀ, ಬನ್ನಿ" ಎಂದು ಕೂಗಿದರು. "ಪಾಕ ಬಂದದೆ. ಅದ್ದೋಕೆ ನಂಗೆ ಬರಾಕಿಲ್ಲ."

ಚಿಕ್ಕಮಾವ ಬಾಗಿಲಿಗೆ ಬಂದು ನನ್ನ ಕಡೆ ನೋಡಿದರು, ಕಂಬದ ಕಡೆ ನೋಡಿದರು. "ಯಾರಿಗೆ ಏಳ್ತಿದ್ದೀಯೆ?"

"ನಿಮ್ಗೇ ಕಣ್ರೀ. ಬಿರ್ರನೆ ಬನ್ನಿ, ಹಿಡೀತದೆ."

ಮೊದಲು ಅದ್ದಿದ ಕಡ್ಡಿಯನ್ನು ಚಿಕ್ಕತ್ತೆ ತಾವೇ ಒಯ್ದು, ಎದುರುಮನೆಗೆ ಕಾಣುವಂತೆ, ಜಗಲಿಯ ಮೇಲೆ ಅವನು ಕೂರುತ್ತಿದ್ದ ಜಾಗದಲ್ಲಿಟ್ಟರು. ಸಂಜೆಯವರೆಗೂ ಅದು ಅಲ್ಲೇ ಇತ್ತು. ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಹೊರಗೆ ಬಂದು ಕೂತು, ಆ ಒಂದು ಕಡ್ಡಿಯನ್ನು ಹಂಚಿಕೊಂಡು ತಿಂದರು.