ನೂರಾ ಹನ್ನೆರಡು ಮೀಸೆಗಳು

ತಾಪತ್ರಯ ಶುರುವಾದದ್ದು ಒಂದು ಪುಟ ತೆರೆಯಲು ತೆಗೆದುಕೊಳ್ಳುತ್ತಿದ್ದ ನಲವತ್ತು ಸೆಕೆಂಡುಗಳಿಂದ. ಲಿಫ್ಟ್ ರಿಪೇರಿ ಕಂಪನಿಯ ವೆಬ್‌ಸೈಟಿನಲ್ಲಿ 'ನಮ್ಮ ಸಿಬ್ಬಂದಿ' ಎಂಬ ಪುಟವಿತ್ತು. ಬಾಗಿಲಿಗೆ ಬಂದ ಮೆಕ್ಯಾನಿಕ್ ಅಸಲಿಯೇ ಎಂದು ಗ್ರಾಹಕರು ಅಲ್ಲಿ ಮುಖ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಆದರೆ ಸಿಬ್ಬಂದಿ ತಮ್ಮ ಫೋಟೋ ಹಾಕಿಕೊಂಡಿದ್ದದ್ದು ಬೇರೊಂದು ಜಾಲತಾಣದಲ್ಲಿ. ಕಂಪನಿಯ ಪುಟ ಪ್ರತಿಸಲವೂ ಅಲ್ಲಿಗೆ ಹೋಗಿ ಒಂದೊಂದೇ ಮುಖವನ್ನು ಎರವಲು ತರುತ್ತಿತ್ತು.

"ಸಂಜೆ ಐದಕ್ಕೆ ನಾನೇ ನೋಡ್ತೀನಿ. ಥಟ್ಟಂತ ಬಂದ್ರೆ ನೀನು ಕಾಯಂ, ಇಲ್ಲಾಂದ್ರೆ ನಾಳೆಯಿಂದ ಬರಬೇಡ," ಎಂದಿದ್ದರು ನಿರ್ದೇಶಕರು.

ಆರು ವರ್ಷದಿಂದ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದರೂ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು 'ಹಂಗಾಮಿ' ಎಂದೇ. ಕಾಯಂ ಆದರೆ ಆಸ್ಪತ್ರೆಯ ವಿಮೆ ಸಿಗುತ್ತದೆ. ಹೆಂಡತಿಯ ಮೊಣಕಾಲು ಎರಡು ವರ್ಷದಿಂದ ಆ ವಿಮೆಗಾಗಿ ಕಾಯುತ್ತಿತ್ತು.

ಹತ್ತು ಗಂಟೆಗೆ ಹಂಗಾಮಿ ಅಷ್ಟೂ ಫೋಟೋಗಳನ್ನು ಒಂದೇ ಏಟಿಗೆ ನಕಲಿಸಿ ಕಂಪನಿಯ ಸರ್ವರಿನಲ್ಲೇ ಇಟ್ಟ. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟ ತೆರೆಯಿತು. ವೇಗ ನೋಡಿ ಹಿಗ್ಗಿದನೇ ಹೊರತು ಮುಖಗಳನ್ನು ನೋಡಲಿಲ್ಲ.

ಹನ್ನೊಂದಕ್ಕೆ ಹಿರಿಯ ಮೆಕ್ಯಾನಿಕ್ ಗ್ರಾಹಕಿಯೊಬ್ಬರ ಬಾಗಿಲಲ್ಲಿ ನಿಂತು ಫೋನ್ ಮಾಡಿದ. "ಲೇ ಹಂಗಾಮಿ, ಈಯಮ್ಮ ನನ್ನನ್ನ ಒಳಗೇ ಬಿಡ್ತಿಲ್ಲ ಕಣೋ. ನನ್ನ ಹೆಸರಿನ ಮೇಲೆ ನಿರ್ದೇಶಕರ ಮೀಸೆ ಇದೆಯಂತೆ."

ಹಂಗಾಮಿ ಪುಟ ಸರಿಸಿದ. ಸ್ವಾಗತಕಾರಿಣಿ, ಡ್ರೈವರ್, ಕಸ ಗುಡಿಸುವಾಕೆ, ಯಾರ ಹೆಸರಿನ ಮೇಲೆ ನೋಡಿದರೂ ನಿರ್ದೇಶಕರೇ ಮೀಸೆಯಡಿ ನಗುತ್ತಿದ್ದರು. ಎದ್ದೆನೋ ಬಿದ್ದೆನೋ ಎಂದು ಸಿಬ್ಬಂದಿ ಅಧಿಕಾರಿಣಿಯ ಬಳಿ ಓಡಿದ.

"ಇವತ್ತು ಸಾಹೇಬರ ಹುಟ್ಟುಹಬ್ಬ. ಇವತ್ತೊಂದಿನ ಎಲ್ರೂ ಆ ಜಾಲತಾಣದಲ್ಲಿ ತಮ್ಮ ಫೋಟೋ ತೆಗೆದು ಅವರ ಫೋಟೋನೇ ಹಾಕ್ಕೋಬೇಕು ಅಂತ ನಿನ್ನೆ ಮೆಸೇಜ್ ಗುಂಪಲ್ಲಿ ಹೇಳಿದ್ವಲ್ಲ," ಎಂದಳು ಆಕೆ. "ಓ, ನೀನು ಗುಂಪಲ್ಲಿ ಇಲ್ಲ ಅಲ್ವಾ."

ಹಳೆಯ ವ್ಯವಸ್ಥೆಗೆ ಮರಳಿದರೂ ಬರುವುದು ಅದೇ ಮೀಸೆ, ನಲವತ್ತು ಸೆಕೆಂಡು ತಡವಾಗಿ. ಹಂಗಾಮಿ ಮೇಜಿಂದ ಮೇಜಿಗೆ ಹೋಗಿ ಗೋಗರೆದ. "ಎರಡೇ ನಿಮಿಷ ನಿಮ್ಮ ಮುಖ ಹಾಕ್ಕೊಳ್ಳಿ. ನಕಲು ತಗೊಂಡ್ಮೇಲೆ ಮತ್ತೆ ಸಾಹೇಬರನ್ನೇ ಹಾಕ್ಕೊಳ್ಳಿ."

"ಮೊದ್ಲು ಬೇರೆಯವ್ರು ತೆಗೀಲಿ, ಆಮೇಲೆ ನೋಡೋಣ," ಎಂದ ಸ್ಟೋರ್ ಕೀಪರ್.

"ಆ ಎರಡು ನಿಮಿಷದಲ್ಲೇ ಸಾಹೇಬ್ರು ನೋಡಿದ್ರೆ ನನ್ನ ಬಡ್ತಿ ನೀನು ಕೊಡಿಸ್ತೀಯಾ?" ಎಂದಳು ಅಧಿಕಾರಿಣಿ.

ಆರು ವರ್ಷ ಇವರ ಕೀಬೋರ್ಡುಗಳಿಂದ ಬಿಸ್ಕತ್ತಿನ ಪುಡಿ ಕೊಡವಿದವನಿಗೆ ಒಬ್ಬರೂ ಎರಡು ನಿಮಿಷ ಕೊಡಲಿಲ್ಲ. ಹಂಗಾಮಿಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಎರಡರಿಂದಲೂ ಏನೂ ಆಗಲಿಲ್ಲ.

ಐದಕ್ಕೆ ಸರಿಯಾಗಿ ನಿರ್ದೇಶಕರು ಬಂದು ಕೂತರು. ಪುಟ ಥಟ್ಟನೆ ತೆರೆಯಿತು. ಅವರು ಪರದೆಯ ಹತ್ತಿರಕ್ಕೆ ಬಾಗಿದರು.

"ನನ್ನ ಮೇಲೆ ಇಷ್ಟೊಂದು ಅಭಿಮಾನ ಇದೆ ಅಂತ ಗೊತ್ತೇ ಇರ್ಲಿಲ್ಲ," ಎಂದು ನಿರ್ದೇಶಕರು ಕಣ್ಣೊರೆಸಿಕೊಂಡರು. "ಹೀಗೇ ಇರ್ಲಿ, ಬದಲಾಯಿಸ್ಬೇಡ. ನೀನು ಕಾಯಂ ಕಣಯ್ಯ."

ಅಧಿಕಾರಿಣಿ ಆದೇಶಪತ್ರ ತೆಗೆದು ಪೆನ್ನು ಬಿಚ್ಚಿದಳು. ನಿರ್ದೇಶಕರು ತಮ್ಮನ್ನೇ ಸಾಲುಸಾಲಾಗಿ ನೋಡುತ್ತ ಕೊನೆಯ ಸಾಲಿಗೆ ಬಂದರು. ಅಲ್ಲಿ ಮೀಸೆಯಿಲ್ಲದ, ಸೊರಗಿದ ಮುಖವೊಂದಿತ್ತು.

"ಇದ್ಯಾರು?"

"ನಾನೇ, ಸರ್."

"ನೂರಾ ಹನ್ನೆರಡು ಜನಕ್ಕೆ ನನ್ನ ಹುಟ್ಟುಹಬ್ಬ ನೆನಪಿತ್ತು. ನಿನಗೊಬ್ಬನಿಗೆ ಇರ್ಲಿಲ್ಲ."

"ನನ್ನನ್ನ ಗುಂಪಿಗೆ ಸೇರಿಸಿಲ್ಲ, ಸರ್."

"ಗುಂಪು ಕಾಯಂ ಆದೋರಿಗೆ ಮಾತ್ರ," ಎಂದು ಅಧಿಕಾರಿಣಿ ಪೆನ್ನಿನ ಮುಚ್ಚಳ ಹಾಕಿದಳು.

ಕಂಪನಿ ಬಿಟ್ಟು ಹೊರಡುವ ಮೊದಲು ಹಂಗಾಮಿಗೆ ಕೊನೆಯದೊಂದು ಕೆಲಸ ಹೇಳಿದರು. ಅವನು ತನ್ನ ಫೋಟೋವನ್ನು ಅಳಿಸಿದ. ಪುಟ ಇನ್ನೂ ಸ್ವಲ್ಪ ಬೇಗ ತೆರೆಯಿತು.