ಮುಳ್ಳು ನಿಜ ಹೇಳುವವರೆಗೆ

ಸ್ವಂತ ಕಾರಿದ್ದೂ ಹೆಂಡತಿಯನ್ನು ಒಂಬತ್ತು ವರ್ಷ ಬಸ್ಸಿನಲ್ಲೇ ಓಡಾಡಿಸಿದ ಗಂಡಸು ಇಡೀ ಹೊಳೆನರಸೀಪುರದಲ್ಲಿ ಒಬ್ಬರೇ, ಅದು ನನ್ನ ಸೋದರಮಾವ! ಜಗಳವಾಡಿ ದೂರವಾಗಿದ್ದರು ಅಂದುಕೊಂಡಿರಾ? ರಾಮ ರಾಮಾ, ದೂರವೆಲ್ಲಿ ಬಂತು! ಅತ್ತೆ ಬಸ್ಸಿನಲ್ಲಿ ಕೂತರೆ ಮಾವ ಅದೇ ಬಸ್ಸಿನ ಬೆನ್ನಿಗೆ ತಮ್ಮ ಹಳೇ ಕಾರು ಬಿಟ್ಟುಕೊಂಡು ಹೋಗುತ್ತಿದ್ದರು. ಬಸ್ಸು ನಿಂತ ಕಡೆಯೆಲ್ಲ ಕಾರೂ ನಿಲ್ಲುತ್ತಿತ್ತು. ಕಂಡಕ್ಟರುಗಳಿಗೂ ಅಭ್ಯಾಸವಾಗಿ, "ಯೋಚ್ನೆ ಮಾಡ್ಬ್ಯಾಡಿ ಕಣಮ್ಮೋ, ನಿಮ್ ಯಜಮಾನ್ರು ಇಂದ್ಗಡೇನೇ ಬತ್ತಾವ್ರೆ" ಎಂದು ವರದಿ ಒಪ್ಪಿಸುತ್ತಿದ್ದರು.

ಆ ಕಾರಿಗೆ ನನಗಿಂತ ಹೆಚ್ಚು ವಯಸ್ಸು. ನಾವು ಚಿಕ್ಕವರಿದ್ದಾಗ ಬೇಸಿಗೆ ರಜೆಯಲ್ಲಿ ಏಳೆಂಟು ಮಕ್ಕಳು ಹಿಂದಿನ ಸೀಟಿನಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತು ರಾಮನಾಥಪುರದ ಹೊಳೆಗೆ ಹೋಗುತ್ತಿದ್ದೆವು. ಬಿಸಿಲಿಗೆ ಕಾದ ರೆಕ್ಸಿನ್, ಪೆಟ್ರೋಲು, ಅತ್ತೆ ಕಟ್ಟಿ ತಂದ ಚಿತ್ರಾನ್ನ, ಎಲ್ಲದರ ವಾಸನೆಯೂ ಬೆರೆತು ಒಂದಾಗಿರುತ್ತಿತ್ತು. ಇವತ್ತಿಗೂ ಎಲ್ಲಾದರೂ ಪೆಟ್ರೋಲ್ ವಾಸನೆ ಬಂದರೆ ನನಗೆ ಹಸಿವಾಗುತ್ತದೆ! ಡಾಕ್ಟರಿಗೆ ಹೇಳೋಣವೆಂದರೆ ನಾಚಿಕೆ.

ಆ ಕಾರಿನಲ್ಲಿ ಕೆಟ್ಟುಹೋದದ್ದು ಪೆಟ್ರೋಲ್ ತೋರಿಸುವ ಮುಳ್ಳು. ಒಂಬತ್ತು ವರ್ಷದ ಹಿಂದೆ ಅರಕಲಗೂಡಿನಲ್ಲಿ ಅತ್ತೆಯ ತಂಗಿಯ ಮಗಳ ಮದುವೆ. ಹುಡುಗಿಗೆ ತಾಯಿ ಇರಲಿಲ್ಲ. "ನೀವಿಬ್ರೇ ಧಾರೆ ಎರೀಬೇಕು ದೊಡ್ಡವ್ವ" ಎಂದು ಅವಳೇ ಕೇಳಿಕೊಂಡಿದ್ದಳು. ಮಕ್ಕಳಿಲ್ಲದ ಅತ್ತೆಗೆ ಅದಕ್ಕಿಂತ ದೊಡ್ಡ ಸಂಭ್ರಮ ಇನ್ನೇನಿತ್ತು? ಬೆಳಿಗ್ಗೆ ಹಸು ಕರೆದು ಇಬ್ಬರೂ ಹೊರಟರು. ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿತ್ತು. ನಡುದಾರಿಯಲ್ಲಿ ಕಾರು ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಟ್ಯಾಂಕು ಬರಿದು! ಮಾವ ಯಾರದೋ ಬೈಕು ಹತ್ತಿ ಪೆಟ್ರೋಲ್ ತಂದು ಛತ್ರ ಮುಟ್ಟುವ ಹೊತ್ತಿಗೆ, ಮುಹೂರ್ತ ಮೀರೀತೆಂದು ಬೇರೆ ದಂಪತಿಗಳು ಧಾರೆ ಎರೆದಾಗಿತ್ತು.

ಅತ್ತೆ ಬೈಯಲಿಲ್ಲ. ಅಕ್ಷತೆ ಹಾಕಿದರು, ಊಟ ಮಾಡಿದರು, ನೆಟ್ಟಗೆ ಬಸ್ ಸ್ಟ್ಯಾಂಡಿಗೆ ನಡೆದರು. "ಆ ಮುಳ್ಳು ನಿಜ ಏಳೋಗಂಟ ನಾನಿದ್ನ ಅತ್ತಾಕಿಲ್ಲ" ಅಂದರು. ಅಷ್ಟೇ.

ಬೇರೆಯವರಾಗಿದ್ದರೆ ಹೊಸ ಕಾರು ಕೊಳ್ಳುತ್ತಿದ್ದರು. ಮಾವ ಬಿಡಿಭಾಗ ಹುಡುಕಲು ಹೊರಟರು. ಈ ಮುಳ್ಳಿನ ಸಂಸಾರದಲ್ಲಿ ಇರುವುದು ಇಬ್ಬರೇ: ಮುಂದೆ ಮುಳ್ಳು, ಹಿಂದೆ ಟ್ಯಾಂಕಿನೊಳಗೆ ಫ್ಲೋಟು. ಫ್ಲೋಟು ಎಂದರೆ ಕಡ್ಡಿಯ ತುದಿಗೆ ಸಿಕ್ಕಿಸಿದ ಹಿತ್ತಾಳೆಯ ಪುಟ್ಟ ಡಬ್ಬಿ. ಅದು ಪೆಟ್ರೋಲಿನ ಮೇಲೆ ತೇಲುತ್ತ, ಏರಿದ್ದು ಇಳಿದದ್ದನ್ನು ಮುಳ್ಳಿಗೆ ತಿಳಿಸಬೇಕು. ನಮ್ಮದರ ಕಡ್ಡಿ ತುಕ್ಕು ಹಿಡಿದು ಅರ್ಧದಲ್ಲೇ ಕಚ್ಚಿಕೊಂಡಿತ್ತು.

ಒಮ್ಮೆ ನನ್ನನ್ನೂ ಹಾಸನದ ಹಳೇ ಸಾಮಾನಿನ ಅಂಗಡಿಗೆ ಎಳೆದುಕೊಂಡು ಹೋದರು. ಒಂದೊಂದೇ ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸತೊಡಗಿದರು.

"ಅದೇನ್ ತೆಂಗಿನ್ಕಾಯಾ ಸಾ?" ಅಂದ ಅಂಗಡಿಯವನು.

"ತೆಂಗಿನ್ಕಾಯಾದ್ರೆ ಒಳಗೆ ನೀರು ಕುಲುಕ್ಬೇಕು. ಇದ್ರಲ್ಲಿ ಏನೂ ಕುಲುಕ್ಬಾರ್ದು ಕಣಯ್ಯ. ಕುಲುಕಿದ್ರೆ ತೂತು ಅಂತ್ಲೇ ಲೆಕ್ಕ!"

ಕುಲುಕದ್ದಕ್ಕೂ ಬಿಡುಗಡೆ ಇಲ್ಲ. ಮಾವ ಚೀಲದಿಂದ ಫ್ಲಾಸ್ಕು, ಲೋಟ ತೆಗೆದು ಬಿಸಿನೀರು ಬಗ್ಗಿಸಿ ಫ್ಲೋಟನ್ನು ಮುಳುಗಿಸಿದರು. ಗುಳ್ಳೆ ಎದ್ದರೆ ಕಣ್ಣಿಗೆ ಕಾಣದ ತೂತೂ ಸಿಕ್ಕಿಬೀಳುತ್ತದಂತೆ. ಅಂಗಡಿಯವನು ಪಾಪ, "ನಂಗೂ ಒಂದ್ ಲೋಟ ಕಾಪಿ ಸಿಕ್ಕೀತು ಅಂದ್ಕಂಡಿದ್ದೆ ಸಾ" ಅಂದ. ಆ ದಿನ ಇದ್ದಬದ್ದ ಫ್ಲೋಟುಗಳೆಲ್ಲ ಫೇಲಾದವು. ನಾವು ಬರಿಗೈಯಲ್ಲಿ ವಾಪಸಾದೆವು.

ಕೊನೆಗೆ ಬೇಸತ್ತು, ಫಳಫಳ ಹೊಳೆಯುವ ಹೊಸ ಫ್ಲೋಟೊಂದನ್ನು ಎಲ್ಲಿಂದಲೋ ತರಿಸಿ ಹಾಕಿಸಿದರು. ಟ್ಯಾಂಕ್ ತುಂಬಿಸಿದರೆ ಮುಳ್ಳು ಸೊನ್ನೆಗೆ ಬಂದು ಮಲಗಿತು! ಪೆಟ್ರೋಲ್ ಕಡಿಮೆಯಾದಂತೆಲ್ಲ ಮೇಲೇರತೊಡಗಿತು! ಮಾವನಿಗೆ ಸೋಲೊಪ್ಪುವ ಜಾಯಮಾನವೆಲ್ಲಿ? "ಸುಳ್ಳೇನೂ ಏಳ್ತಿಲ್ವಲ್ಲ ಕಣೇ, ಉಲ್ಟಾ ಓದ್ಕಂಡ್ರಾಯ್ತು" ಅಂದರು.

"ಉಲ್ಟಾ ಓದೋ ಕಾರಿಗೆ ನೀವೇ ಅತ್ಕಳಿ" ಎಂದು ಅತ್ತೆ ಬಸ್ಸಿಗೆ ಹೋದರು.

ಗುಟ್ಟು ಬಿಡಿಸಿದವರು ಚನ್ನರಾಯಪಟ್ಟಣದ ಒಬ್ಬ ಮುದುಕ, ಕಾರಿನ ವೈರಿಂಗ್ ಮಾಡುವವರು. "ಫ್ಲೋಟು ಒಳ್ಳೇದಾದ್ರೆ ಸಾಲ್ದು ಸ್ವಾಮಿ. ಮುಂದಿನ್ ಮುಳ್ಳಿಗೂ ಇಂದಿನ್ ಫ್ಲೋಟಿಗೂ ಜಾತಕ ಕೂಡ್ಬೇಕು. ಒಂದ್ ಕಾರಿಂದು ಇನ್ನೊಂದಕ್ಕೆ ಕಟ್ಟಿದ್ರೆ ಇಂಗೇ ಆಗೋದು" ಎಂದರು. ನಮ್ಮದೇ ಜಾತಿಯ ಇನ್ನೊಂದು ಹಳೇ ಕಾರಿನಿಂದ ಮುಳ್ಳು, ಫ್ಲೋಟು ಎರಡನ್ನೂ ಜೋಡಿಯಾಗಿ ಬಿಚ್ಚಿಕೊಡಲು ಅವರೇ ಒಪ್ಪಿದರು. ಮಾವ ಆ ಫ್ಲೋಟನ್ನೂ ಕುಲುಕಿಸಿ, ಬಿಸಿನೀರಿಗೆ ಹಾಕಿ, ಗುಳ್ಳೆ ಏಳದ್ದನ್ನು ಕಂಡು ಅಂಗಡಿಯಲ್ಲೇ ಕೈಮುಗಿದರಂತೆ!

ಹೊತ್ತು ಮಾತ್ರ ಓಡುತ್ತಿತ್ತು. ಅತ್ತೆಯ ತಂಗಿಯ ಆ ಮಗಳಿಗೆ ವರ್ಷಗಟ್ಟಲೆ ಕಾದ ಮೇಲೆ ಮಗುವಾಗಿ, ಬರುವ ಭಾನುವಾರ ಅರಕಲಗೂಡಿನಲ್ಲಿ ನಾಮಕರಣ. ಅತ್ತೆಗೆ ಮಂಡಿ ನೋವು ಹೆಚ್ಚಾಗಿ ಬಸ್ಸಿನ ಮೆಟ್ಟಿಲು ಹತ್ತುವುದು ಆಗದ ಮಾತು. ಮುಳ್ಳು ಸರಿಯಾಗದಿದ್ದರೆ ಈ ಸಲವೂ ಅವರಿಗೆ ತೊಟ್ಟಿಲ ಹತ್ತಿರ ಜಾಗವಿಲ್ಲ. ಮಾವ ಮೂರು ದಿನ ಊಟ ನಿದ್ದೆ ಬಿಟ್ಟು ಜೋಡಿಸಿದರು. ಟ್ಯಾಂಕ್ ಬರಿದು ಮಾಡಿ ಒಂದೊಂದೇ ಲೀಟರು ಸುರಿದರು. ಒಂದೊಂದು ಲೀಟರಿಗೂ ಅತ್ತೆಯನ್ನು ಅಂಗಳಕ್ಕೆ ಕರೆದು ಮುಳ್ಳು ತೋರಿಸಿದರು. ಎಂಟನೇ ಸಲ ಅತ್ತೆ, "ಒಲೆ ಮೇಲೆ ಸಾರೈತೆ, ನಂಬ್ದೆ ಬುಡಿ" ಎಂದು ಒಳಗೆ ಹೋದರು.

ಭಾನುವಾರ ಅತ್ತೆ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ನಾನು. ಒಂಬತ್ತು ವರ್ಷದ ಮೇಲೆ ಅವರಿಬ್ಬರೂ ಅಕ್ಕಪಕ್ಕ ಕೂತದ್ದು ನೋಡಿ, ಸುಳ್ಳೇಕೆ ಹೇಳಲಿ, ನನಗೆ ಬಾಲ್ಯವೇ ವಾಪಸ್ ಬಂದ ಹಾಗಾಯಿತು. ಮುಳ್ಳು ಅರ್ಧಕ್ಕಿಂತ ಒಂದು ಗೀಟು ಮೇಲಿತ್ತು. ಅರಕಲಗೂಡಿಗೆ ಹೋಗಿ ಬಂದು ಮತ್ತೊಮ್ಮೆ ಹೋಗಬಹುದಾದಷ್ಟು ಪೆಟ್ರೋಲು!

ಊರಾಚೆಯ ಬಂಕ್ ಹತ್ತಿರ ಬಂತು. ಅತ್ತೆ ಕಿಟಕಿಯ ಕಡೆ ನೋಡುತ್ತಲೇ ಮೆಲ್ಲಗೆ, "ಒಸಿ ಪೆಟ್ರೋಲ್ ಆಕ್ಸ್ಕಂಡ್ರೆ ಒಳ್ಳೇದೇನೋ" ಅಂದರು.

ಸತ್ತೆವು ಅಂದುಕೊಂಡೆ! ಈಗ ಮುಳ್ಳಿನ ಮೇಲೆ ಅರ್ಧ ಗಂಟೆ ಭಾಷಣ ಶುರುವಾಗುತ್ತದೆ ಎಂದು ಕಾದೆ. ಮಾವ ಮುಳ್ಳಿನತ್ತ ಕಣ್ಣೆತ್ತಿಯೂ ನೋಡಲಿಲ್ಲ. ಕೈ ಹೊರಗೆ ಚಾಚಿ ಕಾರನ್ನು ಬಂಕಿಗೆ ತಿರುಗಿಸಿಬಿಟ್ಟರು.

"ಎಷ್ಟ್ ಆಕ್ಲಿ ಸಾ?" ಬಂಕಿನವನು ಕೇಳಿದ.

"ನಮ್ಮನೇವ್ರು ಸಾಕು ಅನ್ನೋಗಂಟ ಆಕಪ್ಪ."

ಹಾಕಿದ್ದಾಯಿತು. ಮಾವ ಕಾರು ಸ್ಟಾರ್ಟ್ ಮಾಡದೆ ಸ್ಟಿಯರಿಂಗ್ ಹಿಡಿದು ಕೂತೇ ಇದ್ದರು.

"ಅವತ್ತೂ ಇದೇ ಬಂಕ್ ತಾವ ಆಕ್ಸಿ ಅಂತ ಏಳ್ದೆ ಕಣೇ ನೀನು. ಮುಳ್ಳು ಅರ್ಧ ತೋರುಸ್ತೈತೆ, ನಿಂಗೇನ್ ಗೊತ್ತು ಅಂತ ನಿನ್ ಬಾಯಿ ಮುಚ್ಚುಸ್ಬುಟ್ಟೆ."

ಒಂಬತ್ತು ವರ್ಷದಲ್ಲಿ ಇಬ್ಬರೂ ಈ ಮಾತನ್ನು ಯಾರ ಹತ್ತಿರವೂ ಆಡಿರಲಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮಾವನ ತೋಳನ್ನು ಮೆಲ್ಲಗೆ ತಟ್ಟಿದರು.

"ಓಗ್ಲಿ ಬುಡಿ, ಈಗ ನಡೀರಿ. ಮಗೀನ ತೊಟ್ಲಿಗೆ ಆಕಾಕೆ ನಾವಿಬ್ರೇ ಬರ್ಬೇಕಂತೆ."