ಸತ್ಯಭಾಮಾ ಬಚ್ಚಿಟ್ಟ ವೈಫೈ

ತನ್ನ ಸೀರಿಯಲ್ಲು ನಟ್ಟನಡುವೆ ನಿಂತುಬಿಡುತ್ತದೆಂಬ ಸಿಟ್ಟಿಗೆ ಮನೆ ಒಡತಿ ಸತ್ಯಭಾಮಾ, ಬಾಡಿಗೆಯವರ ಯಾರ ಫೋನಿಗೂ ಕಾಣದಂತೆ ವೈಫೈ ಹೆಸರನ್ನೇ ಮುಚ್ಚಿಸಿಬಿಟ್ಟಿದ್ದಳು. ಅದರ ಪೆಟ್ಟು ಕೊನೆಗೆ ಬಿದ್ದದ್ದು ಮಾತ್ರ, ಅದನ್ನು ಎಂದೂ ಕದ್ದು ಬಳಸದ ಭೀಮಾಶಂಕರನ ಮೇಲೆ.

ಭೀಮಾಶಂಕರ ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಸರಕು ತುಂಬುವ ಗೋದಾಮಿನ ರಾತ್ರಿ ಪಾಳಿಯವನು. ಮಂದಿ ಏಳುವಾಗ ಅವನು ಮಲಗುತ್ತಿದ್ದ, ಮಂದಿ ಮಲಗುವಾಗ ಬೂಟು ಹಾಕಿಕೊಳ್ಳುತ್ತಿದ್ದ. ಬೀದರ, ಕಲಬುರಗಿ ಕಡೆಯವರೇ ಬಾಡಿಗೆಗೆ ತುಂಬಿದ ಸತ್ಯಭಾಮಾಳ ಕಟ್ಟಡದಲ್ಲಿ ಅವನೊಂದಿಗೆ ದಿನಾ ತಪ್ಪದೆ ಮಾತಾಡುತ್ತಿದ್ದುದು ಲಿಫ್ಟ್ ಒಂದೇ. ಅದೂ ಹಿಂದಿಯಲ್ಲಿ, ಬಾಗಿಲು ಹಾಕು ಅಂತ.

ಆ ಭಾನುವಾರ ಮಧ್ಯಾಹ್ನ ಔರಾದಿನ ದಾನೇಶ್ವರಿ ಮದುವೆಗೆಂದು ವಿಡಿಯೋದಲ್ಲಿ ಅವನನ್ನು ನೋಡುವವಳಿದ್ದಳು. ಫೋಟೋ ಹಿಡಿಸಿತ್ತಂತೆ. "ಮಾತು ಹೆಂಗ ಆಡ್ತಾರ ನೋಡ್ಬೇಕು" ಅಂದಿದ್ದಳಂತೆ. ಭೀಮಾಶಂಕರ ವಾರವಿಡೀ ಕನ್ನಡಿಯ ಮುಂದೆ ನಿಂತು ಮಾತಾಡಿದ್ದ. ಆದರೆ ಅವನ ಕೋಣೆಯಲ್ಲಿ ಸಿಗ್ನಲ್ ಇಷ್ಟೇ ಇಷ್ಟು. ಧ್ವನಿ ಹೋದರೆ ಹೆಚ್ಚು, ಮುಖ ಹೋಗದು. ಹಳೆಯ ಲ್ಯಾಪ್‌ಟಾಪ್ ಹಿಡಿದು ಸತ್ಯಭಾಮಾಳ ಬಾಗಿಲಿಗೆ ಹೋದ.

ಕನ್ಯೆಯ ಸುದ್ದಿ ಅಂದಕೂಡಲೇ ಅವಳು ಬೆಲ್ಲದಂತೆ ಕರಗಿದಳು. ಪಾಸ್‌ವರ್ಡನ್ನು ಕಿವಿಯಲ್ಲಿ ಉಸುರಿ, "ಯಾರ ಮುಂದೂ ಬಾಯಿ ಬಿಡಬ್ಯಾಡಪಾ. ಹೆಸರು ಕಾಣಂಗಿಲ್ಲ, ನೀನೇ ಬರೀಬೇಕು. ನನ್ನ ಹೆಸರೇ ಐತಿ" ಎಂದವಳೇ ಸೀರೆ ತರಲು ಕೋಠಿ ಪೇಟೆಯ ಬಸ್ಸು ಹತ್ತಿದಳು.

ಭೀಮಾಶಂಕರ ಇಂಗ್ಲಿಷಿನಲ್ಲಿ ಅವಳ ಹೆಸರು ಬರೆದ. ಸಿಗಲಿಲ್ಲ. ಒಂದು ಎಚ್ ಸೇರಿಸಿದ, ಒಂದು ಎ ಕಿತ್ತ. ಅವಳಿಗೆ ಫೋನ್ ಹಚ್ಚಿದರೆ ಬಸ್ಸಿನ ಗದ್ದಲದಲ್ಲಿ "ಹಲೋ, ಹಲೋ" ಅಂದು ಇಟ್ಟಳು. ಗಾಬರಿಗೆ "ಸತ್ಯಭಾಮಾ, ಸತ್ಯಭಾಮಾ" ಎಂದು ಗಟ್ಟಿಯಾಗೇ ಗೊಣಗತೊಡಗಿದ.

ಎದುರು ಮನೆಯ ಆಟೋ ಓಡಿಸುವ ಪರಮೇಶ ಇಣುಕಿದ. "ಏನಣ್ಣಾ, ಹಾಡಹಗಲೇ ಓನರಮ್ಮನ ಹೆಸರು ಜಪಿಸಾಕತ್ತೀರಲ್ಲ?"

ಸಂಗತಿ ಹೇಳಿದ್ದೇ ತಡ, ಪರಮೇಶ ಒಳಗೆ ಬಂದು ಮಂಚದ ಮೇಲೆ ಕೂತ. ಹಿಂದೆಯೇ ಪಕ್ಕದ ಮನೆಯ ನಿವೃತ್ತ ಮಾಸ್ತರು ಅಮೃತಪ್ಪ ಬಂದರು. "ಸಂಸ್ಕೃತ ಶಬ್ದ ಅದು, ತಮ್ಮಾ. ಭಾ! ಹೊಟ್ಟಿಯಿಂದ ಬರಬೇಕು!" ಎಂದು ಅವನ ಬೆನ್ನಿಗೆ ಗುದ್ದಿದರು. ಕೆಳಗಿನ ಮನೆಯ ಭಾಗ್ಯಶ್ರೀ ಮಂಡಕ್ಕಿಯ ಸುಸಲಾ, ಚಹಾ ಹಿಡಿದು ಬಂದಳು. "ಹುಡುಗಿ ನೋಡೋ ಹೊತ್ತಿಗೆ ಹಸಕೊಂಡು ಕುಂದರಬಾರದ್ರಿ."

ಹೆಸರು ತಪ್ಪಿದಾಗಲೆಲ್ಲ ಪಾಸ್‌ವರ್ಡನ್ನೂ ಹೊಸದಾಗಿ ಒತ್ತಬೇಕು. ಒಂದೊಂದು ಅಕ್ಷರವನ್ನೂ ಬಾಯಲ್ಲಿ ಅನ್ನುತ್ತ ಭೀಮಾಶಂಕರ ಒತ್ತುತ್ತಿದ್ದ. ಮೂವರೂ ಅವನ ಹೆಗಲ ಮೇಲೆ ಬಾಗಿ ನೋಡುತ್ತಿದ್ದರು. ಬಾಗಿಲ ಹೊರಗೆ ಇಷ್ಟು ಜೊತೆ ಚಪ್ಪಲಿಗಳನ್ನು ಅವನು ಎಂದೂ ಕಂಡವನಲ್ಲ. ಹಾಳಾದ ಹೆಸರು ಇನ್ನಷ್ಟು ಹೊತ್ತು ಸಿಗದಿದ್ದರೂ ನಡೆದೀತು ಎಂದು ಒಂದು ಗಳಿಗೆ ಅನ್ನಿಸಿತು ಕೂಡ.

ಅಷ್ಟರಲ್ಲಿ ಕೆಳಗೆ ಓಡಿಹೋಗಿದ್ದ ಪರಮೇಶ ಏದುಸಿರು ಬಿಡುತ್ತ ಬಂದ. "ಅಣ್ಣಾ, ಗೇಟಿನ ಮ್ಯಾಲ ಓನರಮ್ಮನ ಹೆಸರಿನಾಗ ಪೇಂಟರ್ ಎರಡು ಎಮ್ ಬರದಾನ! ನೆಟ್ಟಿನವ ಅದನ್ನೇ ನೋಡಿ ಹಾಕಿರ್ತಾನ!"

ಎರಡು ಎಮ್ ಬಿದ್ದವು. ವೈಫೈ ಹತ್ತಿತು. ಮೂವರೂ ಚಪ್ಪಾಳೆ ತಟ್ಟಿದರು. ಅದೇ ಹೊತ್ತಿಗೆ ಕರೆ ಬಂತು.

"ನಮಸ್ಕಾರ್ರಿ. ಆರಾಮ ಅದೀರಿ?" ದಾನೇಶ್ವರಿಯ ಧ್ವನಿ ಅವನು ಎಣಿಸಿದ್ದಕ್ಕಿಂತ ಮೆತ್ತಗಿತ್ತು.

"ಆರಾಮ್ರಿ. ನೀವು ಹೆಂಗದೀರಿ?" ಎಂದು ಶುರುಮಾಡಿದ ಭೀಮಾಶಂಕರ ಊರು, ಕೆಲಸ, ಒಬ್ಬನೇ ಉಣ್ಣುವ ಬೇಸರ ಎಲ್ಲವನ್ನೂ ಹೇಳಿಯೇಬಿಟ್ಟ. ಕನ್ನಡಿಯ ಮುಂದೆ ಕೂಡ ಇಷ್ಟು ಚೆನ್ನಾಗಿ ಬಂದಿರಲಿಲ್ಲ.

"ಯಾಕವಾ, ಹುಡುಗ ಬಾಯಿ ತಗದು ಹಂಗೇ ಕುಂತಾನ?" ಎಂದಿತು ಅವಳ ತಾಯಿಯ ಧ್ವನಿ. "ಮಾತು ಬರ್ತಾವೋ ಇಲ್ಲೋ?"

ಆ ಕಡೆ ಅವನ ಚಿತ್ರ ಅಲ್ಲಾಡದೆ ನಿಂತಿತ್ತು, ಧ್ವನಿಯೂ ಹೋಗಿರಲಿಲ್ಲ. ಭೀಮಾಶಂಕರ ಗಕ್ಕನೆ ತಿರುಗಿದ. ಗಲಗಲ ಅನ್ನುತ್ತಿದ್ದ ಕೋಣೆ ತಣ್ಣಗಾಗಿತ್ತು. ಮೂವರೂ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ತಂತಮ್ಮ ಫೋನಿಗೆ ಮುಖ ಹಾಕಿದ್ದರು. ಪರಮೇಶ ಸಿನಿಮಾದಲ್ಲಿ, ಭಾಗ್ಯಶ್ರೀ ಅಡುಗೆಯಲ್ಲಿ, ಮಾಸ್ತರು ಪ್ರವಚನದಲ್ಲಿ ಮುಳುಗಿದ್ದರು.

"ಬಂದ್ ಮಾಡ್ರಿ! ಎಲ್ಲಾರೂ ಬಂದ್ ಮಾಡ್ರಿ!" ಎಂದು ಕಿರುಚಿದ. ಒಬ್ಬರೂ ತಲೆ ಎತ್ತಲಿಲ್ಲ.

"ಇರ್ಲಿ ಬಿಡವ್ವ," ದಾನೇಶ್ವರಿ ಅನ್ನುವುದು ಕೇಳಿಸಿತು. "ಹಿಂದ ಮೂರು ಮಂದಿ ಕುಂತಾರ, ಅವರ ಜೋಡಿನೂ ಮಾತಿಲ್ಲ. ನನ್ನ ಜೋಡಿ ಏನ್ ಮಾತಾಡ್ತಾರ?"

ಪರದೆ ಕಪ್ಪಾಯಿತು. ಭೀಮಾಶಂಕರ ಲ್ಯಾಪ್‌ಟಾಪ್ ಮುಚ್ಚಿದ.

ಪರಮೇಶ ಫೋನಿನಿಂದ ಕಣ್ಣು ಕೀಳದೆ ತೊಡೆ ತಟ್ಟಿದ. "ಹಾಂ, ಈಗ ನೋಡಣ್ಣಾ! ನೆಟ್ ಹೆಂಗ ಓಡಾಕತ್ತೈತಿ!"